ಪುಣ್ಯಸ್ಥಳಕ್ಕೆ ಹೋಗುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆತ್ಲೆಹೆಮ್‌ನಲ್ಲಿ ಯೇಸು ಹುಟ್ಟಿದ ಜಾಗ ಎಂದು ನಂಬುವ ಕಡೆ ಒಂದು ಹಳೆಯ ಚರ್ಚ್ ಇದೆ. ಅಷ್ಟು ದೊಡ್ಡ ಕಟ್ಟಡಕ್ಕೆ ಬಾಗಿಲು ಮಾತ್ರ ಸುಮಾರು 4 ಅಡಿ ಎತ್ತರ. ಹಿಂದೆ ಅದೂ ದೊಡ್ಡದೇ ಇತ್ತು. ಕುದುರೆ ಮೇಲೆ ಕೂತು ಸೀದಾ ಒಳಗೆ ನುಗ್ಗುವವರನ್ನು ತಡೆಯಲು ಕಲ್ಲು ಕಟ್ಟಿ ಚಿಕ್ಕದು ಮಾಡಿದರು ಎನ್ನುತ್ತಾರೆ. ಈಗ ಎಂಥವರೇ ಬಂದರೂ ಬಗ್ಗಿಯೇ ಒಳಗೆ ಹೋಗಬೇಕು. ಅದಕ್ಕೆ ವಿನಯದ ಬಾಗಿಲು ಅಂತಲೇ ಹೆಸರು.

ಎಲ್ಲ ಕಡೆ ಇಂಥ ಬಾಗಿಲು ಇರುವುದಿಲ್ಲ. ಅಲ್ಲಿ ಬಗ್ಗುವುದನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಅದು ಹೇಗೆ ಅಂತ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ನೋಡೋಕೆ ಹೋಗುವುದಕ್ಕೂ ದರ್ಶನಕ್ಕೆ ಹೋಗುವುದಕ್ಕೂ ನಿಜವಾಗಿ ಏನು ವ್ಯತ್ಯಾಸ?

ನಮ್ಮ ಮಾತಿನಲ್ಲೇ ಈ ವ್ಯತ್ಯಾಸ ಇದೆ. "ಗುಡಿ ನೋಡಿಕೊಂಡು ಬಂದೆವು" ಅನ್ನುವುದು ಒಂದು. "ದರ್ಶನ ಮಾಡಿಕೊಂಡು ಬಂದೆವು" ಅನ್ನುವುದು ಇನ್ನೊಂದು. ನೋಡಿಕೊಂಡು ಬರುವಾಗ ನೋಡುವವರು ನಾವು ಮಾತ್ರ. ದರ್ಶನದಲ್ಲಿ ನಾವೂ ಒಂದು ಕಣ್ಣಿಗೆ ಬೀಳುತ್ತೇವೆ ಅನ್ನುವ ನಂಬಿಕೆ ಇದೆ. ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅಂದಾಗ ನಿಲ್ಲುವ ರೀತಿಯೇ ಬೇರೆ, ಅಲ್ವಾ?

ದೇವರನ್ನು ನಂಬದವರಿಗೂ ಉಪಯೋಗಕ್ಕೆ ಬರುವ ಒಂದು ಪ್ರಶ್ನೆ ಇದೆ. ನಾನು ಇವತ್ತು ಬರದೇ ಇದ್ದಿದ್ದರೆ ಇಲ್ಲಿ ಏನು ನಡೆಯುತ್ತಿತ್ತು? ಯಾರೋ ದೀಪ ಹಚ್ಚುತ್ತಿದ್ದರು. ಯಾರೋ ಮೂಲೆಯಲ್ಲಿ ಕೂತು ಅಳುತ್ತಿದ್ದರು. ಒಬ್ಬರು ನೆಲ ಗುಡಿಸುತ್ತಿದ್ದರು. ನಾನು ಬಂದ ಮೇಲೂ ಅದು ಹಾಗೆಯೇ ನಡೆಯಬೇಕು. ಮುಂದೆ ಬರುವ ಉತ್ತರಗಳೆಲ್ಲ ಬಹುಪಾಲು ಇದರಿಂದಲೇ ಹುಟ್ಟಿದವು.

ಅದು ನನ್ನ ಧರ್ಮದ ಜಾಗವಲ್ಲ. ನನಗೆ ದೇವರಲ್ಲಿ ನಂಬಿಕೆಯೂ ಇಲ್ಲ. ಹೋಗಬಹುದಾ?

ಬಾಗಿಲು ತೆರೆದಿದ್ದರೆ ಖಂಡಿತ ಹೋಗಿ. ಅಮೃತಸರದ ಹರಿಮಂದಿರ್ ಸಾಹಿಬ್, ಅಂದರೆ ಸಿಖ್ಖರ ಸುವರ್ಣ ಮಂದಿರಕ್ಕೆ ನಾಲ್ಕು ದಿಕ್ಕಿಗೂ ಬಾಗಿಲಿವೆ. ಯಾವ ಜಾತಿ, ಯಾವ ಧರ್ಮದವರೂ ಬರಬಹುದು ಅನ್ನುವುದೇ ಅದರ ಅರ್ಥ. ಅಲ್ಲಿ ಲಂಗರ್ ಎಂಬ ಉಚಿತ ಊಟದ ಮನೆಯಲ್ಲಿ ಯಾರೇ ಬಂದರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಊಟ ಮಾಡುತ್ತಾರೆ. ನೀವು ಏನು ನಂಬುತ್ತೀರಿ ಅಂತ ಯಾರೂ ಕೇಳುವುದಿಲ್ಲ. ತಲೆ ಮುಚ್ಚಿ, ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬನ್ನಿ ಅಂತ ಮಾತ್ರ ಹೇಳುತ್ತಾರೆ.

ನಂಬಿಕೆ ಇಲ್ಲದವರು ಕೆಲವೊಮ್ಮೆ ಭಕ್ತರಿಗಿಂತ ಹೆಚ್ಚು ಗೌರವದಿಂದ ನಡೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಇದು ನಮ್ಮ ಮನೆ ಅನ್ನುವ ಸಲಿಗೆ ಅವರಿಗಿಲ್ಲ. ಹಾಗಾಗಿ ಒಂದೊಂದು ಹೆಜ್ಜೆಯನ್ನೂ ನೋಡಿಕೊಂಡು ಇಡುತ್ತಾರೆ.

ಹೊರಡುವ ಮೊದಲು ಏನು ತಿಳಿದುಕೊಂಡಿರಬೇಕು?

ಜನ ಸಾಮಾನ್ಯವಾಗಿ ಕಟ್ಟಡದ ಬಗ್ಗೆ ಓದಿಕೊಂಡು ಹೋಗುತ್ತಾರೆ. ಯಾರು ಕಟ್ಟಿಸಿದರು, ಯಾವ ಶೈಲಿ, ಎಷ್ಟು ಎತ್ತರ. ಅದೂ ಬೇಕು. ಅದಕ್ಕಿಂತ ಮೊದಲು ಅಲ್ಲಿಗೆ ಬರುವ ಜನ ಏನು ಬೇಡಿಕೊಳ್ಳಲು ಬರುತ್ತಾರೆ ಅಂತ ತಿಳಿದುಕೊಳ್ಳಿ. ಅದು ಗೊತ್ತಿದ್ದರೆ ಸರದಿಯಲ್ಲಿ ಮುಂದೆ ನಿಂತ ಹೆಂಗಸಿನ ಮುಖವೇ ಬೇರೆ ರೀತಿ ಕಾಣುತ್ತದೆ.

ಪ್ರಾರ್ಥನೆಯ ಹೊತ್ತು ಯಾವುದು ಅಂತಲೂ ನೋಡಿಕೊಳ್ಳಿ. ಇಸ್ತಾಂಬುಲ್‌ನ ನೀಲಿ ಮಸೀದಿಯಲ್ಲಿ ದಿನಕ್ಕೆ ಐದು ಹೊತ್ತು ನಮಾಜ್ ನಡೆಯುತ್ತದೆ. ಆ ಹೊತ್ತಿನಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಇದು ಗೊತ್ತಿಲ್ಲದೆ ಹೋದವರು ಬಾಗಿಲಲ್ಲಿ ನಿಂತು ಗೊಣಗುತ್ತಾರೆ. ಗೊತ್ತಿದ್ದವರು ಹೊರಗೆ ಅಂಗಳದಲ್ಲಿ ಸುಮ್ನೆ ಕೂತು ಕಾಯುತ್ತಾರೆ. ಆ ಕಾಯುವಿಕೆಯೂ ಭೇಟಿಯ ಭಾಗವೇ.

ಬಟ್ಟೆ, ಚಪ್ಪಲಿ ವಿಷಯದಲ್ಲಿ ಏನು ನಿಯಮ?

ಹೆಗಲು ಮತ್ತು ಮಂಡಿ ಮುಚ್ಚಿರಲಿ. ಕಾಂಬೋಡಿಯಾದ ಅಂಕೋರ್ ಗುಡಿಗಳಿಂದ ಹಿಡಿದು ರೋಮ್‌ನ ಸಂತ ಪೀಟರ್ ಬೆಸಿಲಿಕಾದವರೆಗೆ ಇದನ್ನೇ ಕೇಳುತ್ತಾರೆ. ಬ್ಯಾಗಿನಲ್ಲಿ ಒಂದು ದೊಡ್ಡ ಶಾಲು ಇಟ್ಟುಕೊಂಡರೆ ತಲೆ ಮುಚ್ಚಲೂ ಆಯಿತು, ಹೆಗಲಿಗೂ ಆಯಿತು.

ಮ್ಯಾನ್ಮಾರ್‌ನ ಪಗೋಡಾ ಎಂಬ ಬೌದ್ಧ ಗುಡಿಗಳಲ್ಲಿ ಚಪ್ಪಲಿಯ ಜೊತೆ ಕಾಲುಚೀಲವನ್ನೂ ಬಿಚ್ಚಬೇಕು. ಬ್ರಿಟಿಷರ ಆಳ್ವಿಕೆಯಲ್ಲಿ ಯುರೋಪಿಯನ್ನರು ಬೂಟು ಹಾಕಿಕೊಂಡೇ ಪಗೋಡಾ ಒಳಗೆ ಹೋಗುತ್ತಿದ್ದರು. 1910ರ ದಶಕದಲ್ಲಿ ಇದು ಅಲ್ಲಿನ ಜನರ ದೊಡ್ಡ ಹೋರಾಟಕ್ಕೇ ಕಾರಣವಾಯಿತು. ಒಂದು ಜೊತೆ ಬೂಟಿನಲ್ಲಿ ಅಷ್ಟು ಅವಮಾನ ಇತ್ತು. ಉತ್ತರ ಇರಾಕ್‌ನಲ್ಲಿ ಯಜೀದಿ ಎಂಬ ಧರ್ಮದವರ ಪವಿತ್ರ ಕಣಿವೆ ಲಾಲಿಷ್ ಇದೆ. ಅಲ್ಲಿ ಬರಿಗಾಲಲ್ಲಿ ನಡೆಯಬೇಕು. ಹೊಸ್ತಿಲನ್ನು ಮೆಟ್ಟದೆ ದಾಟಬೇಕು.

ಕಾರಣ ಕೇಳಬೇಡಿ ಅಂತ ನಾನು ಹೇಳುವುದಿಲ್ಲ. ಮೊದಲು ಬಿಚ್ಚಿ, ಆಮೇಲೆ ಕೇಳಿ.

ಫೋಟೋ ತೆಗೆಯಬಹುದಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಬೇಡ ಅಂದ ಕಡೆ ಬೇಡ. ಅಷ್ಟರಲ್ಲಿ ಚರ್ಚೆ ಇಲ್ಲ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಫೋಟೋ ನಿಷಿದ್ಧ, ಮಾತೂ ಆಡಬಾರದು. ಆದರೂ ಕಾವಲಿನವರು ದಿನವಿಡೀ "ಸದ್ದು ಬೇಡ" ಅಂತ ಹೇಳುತ್ತಲೇ ಇರಬೇಕಾಗುತ್ತದೆ. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಬರೆದ ಚಿತ್ರಗಳು ಮೇಲೆ ಇವೆ, ಹಾಗಾಗಿ ಬಂದವರಿಗೆ ಅದು ಮ್ಯೂಸಿಯಂ ಥರ ಕಾಣುತ್ತದೆ. ಆದರೆ 2025ರ ಮೇ ತಿಂಗಳಲ್ಲಿ ಹೊಸ ಪೋಪ್ ಆಯ್ಕೆಗೆ ಕಾರ್ಡಿನಲ್‌ಗಳು ಬಾಗಿಲು ಹಾಕಿಕೊಂಡು ಕೂತದ್ದು ಅದೇ ಚಿತ್ರಗಳ ಕೆಳಗೆ. ಅದು ಇವತ್ತಿಗೂ ಪ್ರಾರ್ಥನೆಯ ಜಾಗ.

ಬಿಡುತ್ತಾರೆ ಅಂದ ಕಡೆ ಏನು ಮಾಡಬೇಕು? ನನ್ನ ಕ್ರಮ ಹೀಗಿದೆ. ಮೊದಲ ಅರ್ಧ ಗಂಟೆ ಫೋನ್ ಹೊರಗೆ ತೆಗೆಯುವುದಿಲ್ಲ. ಆಮೇಲೂ ತೆಗೆಯಬೇಕು ಅನ್ನಿಸಿದರೆ ಒಂದೋ ಎರಡೋ. ಪ್ರಾರ್ಥನೆ ಮಾಡುತ್ತಿರುವವರ ಮುಖ ಯಾವತ್ತೂ ಇಲ್ಲ. ಕಣ್ಣು ಮುಚ್ಚಿ ನಿಂತವರ ಒಪ್ಪಿಗೆ ಕೇಳುವುದಾದರೂ ಹೇಗೆ? ಕೇಳಿದರೆ ಅವರ ಪ್ರಾರ್ಥನೆ ಕೆಡುತ್ತದೆ. ಕೇಳದಿದ್ದರೆ ಕದ್ದ ಹಾಗೆ.

ಕಾಶಿಯ ಮಣಿಕರ್ಣಿಕಾ ಘಾಟ್‌ನಲ್ಲಿ ಚಿತೆಗಳತ್ತ ಕ್ಯಾಮೆರಾ ಹಿಡಿಯುವವರಿದ್ದಾರೆ. ಅಲ್ಲಿ ಉರಿಯುತ್ತಿರುವುದು ಯಾರದೋ ತಾಯಿ, ಯಾರದೋ ಮಗ. ಇದರ ಬಗ್ಗೆ ಬರೆಯುವಾಗ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ದಯವಿಟ್ಟು ಬೇಡ.

ಶ್ರೀಲಂಕಾದಲ್ಲಿ ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಫೋಟೋಗೆ ನಿಲ್ಲುವುದನ್ನು ಅವಮಾನ ಎಂದೇ ತಿಳಿಯುತ್ತಾರೆ. ಸೆಲ್ಫಿಯಲ್ಲಿ ಆಗುವುದು ಇದೇ. ದೇವರಿಗೆ ಬೆನ್ನು, ನಮಗೆ ಮುಖ.

ಒಮ್ಮೆ ನಾನು ಒಂದು ಕಂಬದ ಕೆತ್ತನೆಯ ಫೋಟೋ ತೆಗೆಯುತ್ತ ದಾರಿಗೆ ಅಡ್ಡವಾಗಿ ನಿಂತಿದ್ದೆ. ಬೆಳಕು ಸರಿ ಬರಲಿ ಅಂತ ಐದು ನಿಮಿಷ ಅಲ್ಲೇ ಇದ್ದೆ. ತಿರುಗಿದರೆ ಹಿಂದೆ ಒಬ್ಬ ಅಜ್ಜಿ ಕೈಯಲ್ಲಿ ಹೂ ಹಿಡಿದುಕೊಂಡು ಕಾಯುತ್ತಿದ್ದರು. "ಪರವಾಗಿಲ್ಲ, ತೆಗೀರಿ" ಅಂದರು. ಆ ಫೋಟೋ ಇನ್ನೂ ನನ್ನ ಹತ್ತಿರ ಇದೆ. ಅದನ್ನು ನೋಡಿದಾಗಲೆಲ್ಲ ಅದರಲ್ಲಿ ಇಲ್ಲದ ಆ ಅಜ್ಜಿಯೇ ನೆನಪಾಗುತ್ತಾರೆ.

ಅಲ್ಲಿನವರು ಮಾಡುವುದನ್ನೆಲ್ಲ ನಾನೂ ಮಾಡಬೇಕಾ? ಮಾಡಬಹುದಾ?

ಇವು ಎರಡು ಬೇರೆ ಪ್ರಶ್ನೆಗಳು. ಗೌರವದ ನಡೆಗಳು ಎಲ್ಲರಿಗೂ ಸೇರಿದ್ದು. ತಲೆ ಮುಚ್ಚುವುದು, ಸದ್ದು ಮಾಡದಿರುವುದು, ಪ್ರದಕ್ಷಿಣೆಯ ದಿಕ್ಕಿನಲ್ಲೇ ನಡೆಯುವುದು. ಇವನ್ನು ಮಾಡಲೇಬೇಕು. ನಂಬಿಕೆಯ ನಡೆಗಳು ನಂಬಿದವರಿಗೆ ಸೇರಿದ್ದು. ಕ್ಯಾಥೊಲಿಕ್ ಚರ್ಚಿನಲ್ಲಿ ಪೂಜೆಯ ಕೊನೆಗೆ ಕೊಡುವ ರೊಟ್ಟಿ ಅವರಿಗೆ ಕ್ರಿಸ್ತನ ಶರೀರವೇ. ಎಲ್ಲರೂ ಸಾಲಿನಲ್ಲಿ ಹೋದರು ಅಂತ ಹೋಗಿ ಕೈ ಒಡ್ಡಬಾರದು. ಕೂತಲ್ಲೇ ಇರುವುದು ಸರಿ. ಯಾರೂ ತಪ್ಪು ತಿಳಿಯುವುದಿಲ್ಲ.

ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಹಿಂದಿನ ಸಾಲಿನಲ್ಲಿ ಕೂರಿ. ಅಲ್ಲಿಂದ ಎಲ್ಲ ಕಾಣುತ್ತದೆ.

ನನ್ನನ್ನು ಒಳಗೇ ಬಿಡಲಿಲ್ಲ. ಬೇಜಾರಾಯಿತು. ಇದು ಸರಿಯಾ?

ಬೇಜಾರಾಗುವುದು ಸಹಜ. ಮೆಕ್ಕಾಗೆ ಮುಸ್ಲಿಮರಲ್ಲದವರು ಹೋಗುವಂತಿಲ್ಲ. ಕಠ್ಮಂಡುವಿನ ಪಶುಪತಿನಾಥನ ಮುಖ್ಯ ಗುಡಿಯ ಒಳಗೆ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲ. ಭಾರತದ ಪಾರ್ಸಿಗಳ ಅಗ್ನಿಮಂದಿರಗಳಿಗೆ ಬೇರೆಯವರು ಹೋಗುವಂತಿಲ್ಲ. ಕ್ರೈಸ್ತ ಸನ್ಯಾಸಿಗಳು ಇರುವ ಗ್ರೀಸ್‌ನ ಅಥೋಸ್ ಪರ್ವತಕ್ಕೆ ಹೆಂಗಸರು ಕಾಲಿಡುವಂತಿಲ್ಲ.

ಇಂಥ ನಿಯಮಗಳಲ್ಲಿ ಕೆಲವು ಬದಲಾಗಬೇಕು ಅಂತ ನನಗೂ ಅನ್ನಿಸುತ್ತದೆ. ಮನುಷ್ಯರನ್ನು ಕೀಳಾಗಿ ಕಂಡು ಹೊರಗಿಟ್ಟ ಬಾಗಿಲುಗಳನ್ನು ಹೋರಾಡಿಯೇ ತೆರೆಸಬೇಕಾಯಿತು, ಅದು ನ್ಯಾಯವೇ. ಆ ಹೋರಾಟ ಆ ಬಾಗಿಲಿಗಾಗಿ ಬದುಕಿಡೀ ಕಾದವರದು. ಒಂದು ದಿನದ ಮಟ್ಟಿಗೆ ಬಂದ ನಾನು ಕಾವಲಿನವರ ಜೊತೆ ಜಗಳಕ್ಕೆ ನಿಂತರೆ ಅದು ಬೇರೆಯೇ ವಿಷಯ. ಹೊರಗಿನಿಂದಲೇ ಕೈಮುಗಿದು ಬನ್ನಿ. ಸುಳ್ಳು ಹೇಳಿ ಒಳಗೆ ನುಗ್ಗಬೇಡಿ.

ಕಟ್ಟಡವೇ ಇಲ್ಲದ ಕಡೆ? ಬೆಟ್ಟ, ಬಂಡೆ, ಕೆರೆ ಪವಿತ್ರ ಅಂದರೆ ಅಲ್ಲಿ ಹೇಗಿರಬೇಕು?

ಇಲ್ಲೇ ನಾವು ಹೆಚ್ಚು ತಪ್ಪುವುದು. ಗೋಡೆ ಇಲ್ಲ, ಬಾಗಿಲಿಲ್ಲ, ಅರ್ಚಕರಿಲ್ಲ. ಹಾಗಾಗಿ ಯಾರದ್ದೂ ಅಲ್ಲ ಅಂದುಕೊಳ್ಳುತ್ತೇವೆ.

ಆಸ್ಟ್ರೇಲಿಯಾದ ಮಧ್ಯದಲ್ಲಿ ಉಲುರು ಎಂಬ ಕೆಂಪು ಬಂಡೆ ಇದೆ. 348 ಮೀಟರ್ ಎತ್ತರ. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಅದು ಬಹಳ ಪವಿತ್ರ. ಸರ್ಕಾರ 1985ರ ಅಕ್ಟೋಬರ್ 26ರಂದು ಆ ನೆಲವನ್ನು ಅವರಿಗೆ ಮರಳಿಸಿತು. "ದಯವಿಟ್ಟು ಹತ್ತಬೇಡಿ" ಅಂತ ಅವರು ಬುಡದಲ್ಲಿ ಬೋರ್ಡು ಹಾಕಿದರು. ಬೋರ್ಡಿನ ಪಕ್ಕದಲ್ಲೇ ಜನ ಹತ್ತುತ್ತಿದ್ದರು. ವರ್ಷಗಳಲ್ಲಿ 30ಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ತಮ್ಮ ನೆಲಕ್ಕೆ ಬಂದ ಅತಿಥಿ ಸತ್ತಾಗ ಅನಂಗು ಜನ ದುಃಖಪಡುತ್ತಿದ್ದರು. ಕೊನೆಗೆ 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ಪೂರ್ತಿ ನಿಲ್ಲಿಸಿದರು. ಅದಕ್ಕೆ ಮುಂಚಿನ ವಾರಗಳಲ್ಲಿ ಏನಾಯಿತು ಗೊತ್ತಾ? ಇನ್ನು ಅವಕಾಶ ಸಿಗಲ್ಲ ಅಂತ ಜನ ಸಾಲುಗಟ್ಟಿ ಹತ್ತಿದರು. ಆ ಸಾಲಿನ ಚಿತ್ರಗಳನ್ನು ನೋಡಿ ನನಗೆ ನಾಚಿಕೆಯಾಯಿತು. ನಾನು ಅಲ್ಲಿರಲಿಲ್ಲ, ಆದರೂ ಆಯಿತು.

ಈಗ ಇನ್ನೊಂದು ಬಗೆಯ ಜನರನ್ನು ನೋಡಿ. 1955ರ ಮೇ 25ರಂದು ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಕಾಂಚನಜುಂಗಾ ಹತ್ತಿದರು. 8,586 ಮೀಟರ್, ಜಗತ್ತಿನ ಮೂರನೇ ಎತ್ತರದ ಶಿಖರ. ಅಲ್ಲಿಯವರೆಗೆ ಯಾರೂ ಅದನ್ನು ಹತ್ತಿರಲಿಲ್ಲ. ಸಿಕ್ಕಿಂ ಜನರಿಗೆ ಅದು ದೇವರ ಬೆಟ್ಟ. ತುದಿಯನ್ನು ಮೆಟ್ಟುವುದಿಲ್ಲ ಅಂತ ತಂಡ ಮಾತು ಕೊಟ್ಟಿತ್ತು. ಇಬ್ಬರೂ ತುದಿಗೆ ಕೆಲವೇ ಅಡಿ ಇರುವಾಗ ನಿಂತರು. ಅಲ್ಲಿಂದಲೇ ಇಳಿದರು. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಆ ಮೇಲೆ ಹೋದ ಹಲವು ತಂಡಗಳೂ ಹಾಗೆಯೇ ನಿಂತವು. ಎರಡು ವರ್ಷದ ನಂತರ, 1957ರಲ್ಲಿ, ನೇಪಾಳದಲ್ಲಿ ಪವಿತ್ರ ಎನ್ನುವ ಮಚ್ಛಪುಚ್ಛರೆ ಶಿಖರ ಹತ್ತಿದ ತಂಡವೂ ತುದಿಗೆ ಸುಮಾರು 50 ಮೀಟರ್ ಇರುವಾಗ ಹಿಂದಿರುಗಿತು.

ಕೈಲಾಸದ ತುದಿಗಂತೂ ಯಾರೂ ಹೋಗುವುದಿಲ್ಲ. 6,638 ಮೀಟರ್ ಎತ್ತರದ ಆ ಬೆಟ್ಟಕ್ಕೆ ಜನ ಸುತ್ತು ಬರುತ್ತಾರೆ. ಸುಮಾರು 52 ಕಿಲೋಮೀಟರ್ ಪರಿಕ್ರಮ. ಹಿಂದೂಗಳು, ಬೌದ್ಧರು ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡು ನಡೆಯುತ್ತಾರೆ. ಟಿಬೆಟ್‌ನ ಬೋನ್ ಪಂಥದವರು ಎದುರು ದಿಕ್ಕಿನಿಂದ ಬರುತ್ತಾರೆ. ದಾರಿಯಲ್ಲಿ ಎದುರುಬದುರಾದಾಗ ಪಕ್ಕಕ್ಕೆ ಸರಿದು ಜಾಗ ಬಿಡುತ್ತಾರೆ. ಕೆಲವರು ಇಡೀ ದಾರಿಯನ್ನು ಉದ್ದಂಡ ನಮಸ್ಕಾರ ಹಾಕುತ್ತಲೇ ಮುಗಿಸುತ್ತಾರೆ.

ಬೆಟ್ಟದ ಮುಂದೆ ನಿಂತಾಗ ಹತ್ತಬೇಕು ಅನ್ನಿಸುವುದು ಒಂದು ಬಗೆ, ಸುತ್ತಬೇಕು ಅನ್ನಿಸುವುದು ಇನ್ನೊಂದು ಬಗೆ. ಪವಿತ್ರ ಅಂದ ಕಡೆ ಎರಡನೆಯದನ್ನೇ ಆರಿಸಿ.

ನಾಲ್ಕು ದಿನ ರಜೆ ಇದೆ. ಎಂಟು ಕ್ಷೇತ್ರ ಮುಗಿಸಬೇಕು ಅಂತ ಇದ್ದೇವೆ. ಆಗುತ್ತಾ?

ಆಗುತ್ತದೆ. ಆದರೆ "ಮುಗಿಸಬೇಕು" ಅನ್ನುವ ಮಾತನ್ನು ಒಮ್ಮೆ ನೀವೇ ಕಿವಿಗೊಟ್ಟು ಕೇಳಿ. ಎಂಟರಲ್ಲಿ ಎರಡನ್ನು ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ವಯಸ್ಸಾದವರು ಜೊತೆಗಿದ್ದು, ಅವರಿಗೆ ಇದೇ ಕೊನೆಯ ಅವಕಾಶ ಅಂತಿದ್ದರೆ ಮಾತ್ರ ನಾನು ಈ ಸಲಹೆ ಕೊಡುವುದಿಲ್ಲ. ಅವರು ಹೇಳಿದ ಕಡೆಗೆಲ್ಲ ಕರೆದುಕೊಂಡು ಹೋಗಿ.

ಕ್ಯೋಟೋದಲ್ಲಿ ಸೈಹೋಜಿ ಎಂಬ ಬೌದ್ಧ ಮಂದಿರ ಇದೆ. ಅದರ ತೋಟದ ತುಂಬ ಹಾವಸೆ, ನೆಲವೆಲ್ಲ ಹಸಿರು. ಜನ ಮುಗಿಬಿದ್ದರು. 1977ರಲ್ಲಿ ಮಂದಿರದವರು ಹಾಗೆ ಸುಮ್ನೆ ಬಂದವರನ್ನು ಬಿಡುವುದನ್ನು ನಿಲ್ಲಿಸಿದರು. ಮೊದಲೇ ಬರೆದು ಕೇಳಿಕೊಳ್ಳಬೇಕು. ಬಂದವರು ಮೊದಲು ಕೂತು ಕುಂಚದಿಂದ ಸೂತ್ರ, ಅಂದರೆ ಬೌದ್ಧರ ಪವಿತ್ರ ಪಾಠ, ಬರೆಯಬೇಕು. ಆಮೇಲೆ ತೋಟಕ್ಕೆ. ಅಕ್ಷರ ತಿದ್ದುತ್ತ ತಿದ್ದುತ್ತ ಉಸಿರು ನಿಧಾನವಾಗುತ್ತದೆ. ಆ ಮೇಲೆ ನೋಡುವ ಹಸಿರೇ ಬೇರೆ.

ನಡೆದೇ ಹೋಗುವ ಯಾತ್ರೆಗಳಲ್ಲೂ ಇದೇ ಗುಟ್ಟು. ಸ್ಪೇನ್‌ನ ಸ್ಯಾಂಟಿಯಾಗೊದಲ್ಲಿ ಯಾತ್ರಿಕರ ಪ್ರಮಾಣಪತ್ರ ಸಿಗಬೇಕಾದರೆ ಕಡೇಪಕ್ಷ 100 ಕಿಲೋಮೀಟರ್ ನಡೆದಿರಬೇಕು. ಜಪಾನಿನ ಶಿಕೊಕು ದ್ವೀಪದಲ್ಲಿ 88 ಮಂದಿರಗಳ ಸುತ್ತು ಸುಮಾರು 1,200 ಕಿಲೋಮೀಟರ್. ಬಿಳಿ ಬಟ್ಟೆ ತೊಟ್ಟು ಒಂದೂವರೆ ತಿಂಗಳು ನಡೆಯುತ್ತಾರೆ. ಒಂಟಿಯಾಗಿ ಹೊರಟವರ ಟೋಪಿಯ ಮೇಲೂ "ಜೊತೆಯಾಗಿ ಇಬ್ಬರು" ಅಂತ ಬರೆದಿರುತ್ತದೆ. ಇನ್ನೊಬ್ಬರು ಯಾರು ಅಂದರೆ 1,200 ವರ್ಷಗಳ ಹಿಂದಿನ ಗುರು ಕೂಕಾಯಿ. ದಾರಿಯುದ್ದಕ್ಕೂ ಗುರು ಪಕ್ಕದಲ್ಲೇ ನಡೆಯುತ್ತಾರೆ ಅಂತ ನಂಬಿಕೆ.

ಅಷ್ಟು ನಡೆಯಲು ಎಲ್ಲರಿಗೂ ಆಗುವುದಿಲ್ಲ. ಕೊನೆಯ ಒಂದು ಕಿಲೋಮೀಟರ್ ಮೊದಲೇ ಗಾಡಿಯಿಂದ ಇಳಿದು, ಮಾತಾಡದೆ ನಡೆದು ನೋಡಿ. ಸಾಕು.

ಸಿಕ್ಕಾಪಟ್ಟೆ ಜನ. ನೂಕುನುಗ್ಗಲು. ಇದರಲ್ಲಿ ಭಕ್ತಿ ಎಲ್ಲಿಂದ ಬರಬೇಕು?

ಈ ದೂರು ನನ್ನದೂ ಆಗಿತ್ತು. ನಿಧಾನಕ್ಕೆ ಮನಸ್ಸು ಬದಲಾಯಿತು. ಆ ಜನ ನನ್ನ ಮತ್ತು ದೇವರ ನಡುವೆ ಅಡ್ಡ ನಿಂತವರು ಅಂದುಕೊಂಡಿದ್ದೆ. ಅವರಿಲ್ಲದಿದ್ದರೆ ಆ ಜಾಗ ಬರೀ ಕಲ್ಲುಗಳ ರಾಶಿ ಆಗಿರುತ್ತಿತ್ತು. ಅದನ್ನು ಪುಣ್ಯಸ್ಥಳ ಮಾಡಿದವರು ಅವರೇ. ಸರದಿಯಲ್ಲಿ ಪಕ್ಕದವರ ಮಗುವನ್ನು ಸ್ವಲ್ಪ ಹೊತ್ತು ಎತ್ತಿಕೊಳ್ಳಿ, ನೀರು ಹಂಚಿಕೊಳ್ಳಿ. ಏಕಾಂತವೇ ಬೇಕಿದ್ದರೆ ಬೆಳಕು ಹರಿಯುವ ಮೊದಲು ಹೋಗಿ.

ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಹೋಗಿ. ಅಲ್ಲಿ ಯಾಕೆ ಮೆತ್ತಗೆ ಮಾತಾಡುತ್ತಾರೆ ಅಂತ ಮನೆಯಲ್ಲೇ ಹೇಳಿಕೊಟ್ಟಿರಿ. ಮಕ್ಕಳಿಗೆ ಒಂದು ಕೆಲಸ ಕೊಡಿ. ಹೂ ಹಿಡಿದುಕೊಳ್ಳುವುದು, ಎಲ್ಲರ ಚಪ್ಪಲಿ ಜೋಡಿಸಿಡುವುದು. ಮಗು ಅತ್ತರೆ ಹೊರಗೆ ಕರೆದುಕೊಂಡು ಬನ್ನಿ. ಅಷ್ಟೇ.

ಅಲ್ಲಿ ಏನು ಕೊಡಬೇಕು? ನೆನಪಿಗೆ ಅಂತ ಏನಾದರೂ ತರಬಹುದಾ?

ತರುವ ವಿಷಯ ಮೊದಲು. ಕಲ್ಲು, ಮಣ್ಣು, ಒಡೆದ ಚೂರು ಯಾವುದೂ ಬೇಡ. ಉಲುರುವಿನಿಂದ ಕಲ್ಲು ಎತ್ತಿಕೊಂಡು ಹೋದವರು ಎಷ್ಟೋ ವರ್ಷದ ಮೇಲೆ ಅದನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಜೊತೆಗೆ ಕ್ಷಮೆ ಕೇಳುವ ಪತ್ರ ಇರುತ್ತದೆ. ಅಂಥ ಕಲ್ಲುಗಳಿಗೆ ಅಲ್ಲಿ "ಕ್ಷಮೆಯ ಕಲ್ಲು" ಅನ್ನುವ ಹೆಸರೇ ಬಿದ್ದಿದೆ. ಬೋಧಗಯೆಯ ಅರಳಿ ಮರದಿಂದ ಎಲೆ ಕೀಳಬೇಡಿ. ತಾನಾಗಿ ಉದುರಿದ ಒಂದು ಎಲೆ ಸಿಕ್ಕಿದರೆ ಅದು ಭಾಗ್ಯ. ಎಷ್ಟೋ ಜನ ಅದಕ್ಕಾಗಿಯೇ ಮರದ ಕೆಳಗೆ ಗಂಟೆಗಟ್ಟಲೆ ಕಾಯುತ್ತಾರೆ.

ಕೊಡುವ ವಿಷಯದಲ್ಲಿ ನನಗೆ ಲುಂಬಿನಿಯ ಕಂಬ ನೆನಪಾಗುತ್ತದೆ. ಬುದ್ಧ ಹುಟ್ಟಿದ ಆ ಊರಿಗೆ ಅಶೋಕ ಪಟ್ಟಕ್ಕೆ ಬಂದ 20 ವರ್ಷದ ಮೇಲೆ ಹೋಗಿದ್ದ. ಆತ ಬರೆಸಿದ ಶಾಸನ ಇಂದಿಗೂ ಅಲ್ಲಿದೆ. ರಾಜ ತಾನೇ ಬಂದು ಪೂಜೆ ಸಲ್ಲಿಸಿದ ಅಂತ ಅದರಲ್ಲಿದೆ. ಜೊತೆಗೆ ಲುಂಬಿನಿ ಹಳ್ಳಿಯ ತೆರಿಗೆ ಇಳಿಸಿದ ಅಂತಲೂ ಇದೆ. ದೇವರಿಗೆ ನಮಸ್ಕಾರ, ಊರಿಗೆ ಉಪಕಾರ. ಚಕ್ರವರ್ತಿ ಅಲ್ಲದ ನಾವು ಅಲ್ಲಿನವರ ಅಂಗಡಿಯಲ್ಲೇ ಕೊಳ್ಳಬಹುದು, ಅಲ್ಲಿನ ನೀರನ್ನು ಹಾಳು ಮಾಡದೆ ಇರಬಹುದು, ತಂದ ಪ್ಲಾಸ್ಟಿಕ್ಕನ್ನು ವಾಪಸ್ ಒಯ್ಯಬಹುದು. ಸೇವೆಗೆ ಅವಕಾಶ ಇದ್ದರೆ ಪಾತ್ರೆ ತೊಳೆಯಲು ಕೂರಬಹುದು.

ಗೊತ್ತಿಲ್ಲದೆ ತಪ್ಪು ಮಾಡಿಬಿಟ್ಟೆ. ಏನು ಮಾಡಲಿ?

ಯಾರಾದರೂ ಹೇಳಿದ ತಕ್ಷಣ ತಿದ್ದಿಕೊಳ್ಳಿ, ಕ್ಷಮೆ ಕೇಳಿ. "ನನಗೆ ಯಾರೂ ಹೇಳಲಿಲ್ಲ" ಅಂತ ವಾದ ಮಾಡಬೇಡಿ. ಹೇಳಿದವರಿಗೆ ಒಂದು ಥ್ಯಾಂಕ್ಸ್ ಹೇಳಿ.

ಅಷ್ಟು ದೂರ ಹೋದೆ. ಏನೂ ಅನ್ನಿಸಲೇ ಇಲ್ಲ. ನನ್ನಲ್ಲೇ ಏನೋ ಕೊರತೆ ಇದೆಯಾ?

ಇಲ್ಲ. ಈ ಪ್ರಶ್ನೆ ಕೇಳುವವರ ದನಿಯಲ್ಲಿ ಒಂದು ನೋವು ಇರುತ್ತದೆ, ಅದಕ್ಕೆ ಇದನ್ನು ಸೇರಿಸಿದೆ. ಭಾವ ಅನ್ನುವುದು ಟಿಕೆಟ್ ಜೊತೆ ಬರುವ ವಸ್ತುವಲ್ಲ. ಸುಸ್ತಾಗಿರಬಹುದು, ಹಸಿದಿರಬಹುದು, ಮನೆಯ ಚಿಂತೆ ಇದ್ದಿರಬಹುದು. ನನಗೂ ಎಷ್ಟೋ ಸಲ ಹಾಗಾಗಿದೆ. ಒಂದು ಜಾಗದಲ್ಲಿ ಮೂರು ದಿನ ಇದ್ದು ಬರಿಗೈಯಲ್ಲಿ ಬಂದೆ ಅನ್ನಿಸಿತ್ತು. ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅಲ್ಲಿನ ಗಂಟೆಯ ಸದ್ದು ನೆನಪಾಯಿತು. ಅಲ್ಲೇ ನಿಂತುಬಿಟ್ಟೆ. ನೀವು ಶಾಂತವಾಗಿ ಹೋಗಿ, ಯಾರಿಗೂ ತೊಂದರೆ ಕೊಡದೆ ಬಂದಿದ್ದರೆ ನಿಮ್ಮ ಪಾಲಿನದನ್ನು ಮಾಡಿದ್ದೀರಿ.

ಹೊರಡುವಾಗ ಏನಾದರೂ ಕ್ರಮ ಇದೆಯಾ?

ಒಳಗೆ ಹೋಗುವಾಗ ಇರುವ ಎಚ್ಚರ ಹೊರಗೆ ಬರುವಾಗ ಇರುವುದಿಲ್ಲ. ಮೆಟ್ಟಿಲು ಇಳಿಯುವ ಮೊದಲೇ ಫೋನ್ ಆನ್ ಆಗುತ್ತದೆ, ಊಟ ಎಲ್ಲಿ ಅನ್ನುವ ಚರ್ಚೆ ಶುರುವಾಗುತ್ತದೆ. ನಮ್ಮ ಹಿಂದೆ ಇನ್ನೂ ಯಾರೋ ಕಣ್ಣು ಮುಚ್ಚಿ ಕೂತಿರುತ್ತಾರೆ. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಕೂರುವುದು ಒಳ್ಳೆಯದು.

ಜೆರುಸಲೇಮ್‌ನ ಪಶ್ಚಿಮ ಗೋಡೆಯ ಹತ್ತಿರ ಯಹೂದಿಗಳು ಪ್ರಾರ್ಥನೆಯನ್ನು ಚೀಟಿಯಲ್ಲಿ ಬರೆದು ಕಲ್ಲುಗಳ ಸಂದಿಗೆ ಇಡುತ್ತಾರೆ. ಆ ಚೀಟಿಗಳನ್ನು ಯಾರೂ ಓದುವುದಿಲ್ಲ. ವರ್ಷಕ್ಕೆ ಎರಡು ಸಲ ಅವನ್ನು ಹೊರಗೆ ತೆಗೆದು ಆಲಿವ್ ಬೆಟ್ಟದಲ್ಲಿ ಗೌರವದಿಂದ ಹೂಳುತ್ತಾರೆ. ಚೀಟಿ ಇಟ್ಟವರಲ್ಲಿ ಹಲವರು ಗೋಡೆಗೆ ಬೆನ್ನು ಹಾಕಿ ತಿರುಗುವುದಿಲ್ಲ. ಮುಖ ಗೋಡೆಯ ಕಡೆಗೇ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಹೋಗುತ್ತಾರೆ.